ಆಟಿಕೆ ಮಾರಿದ ಲಾಭದಲ್ಲಿ ಏನು ತಗೊಳ್ಳೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ಕೊಪ್ಪಳದಲ್ಲಿ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟು ಇದೆ, ಅದರ ತುಂಬ ಪುಟ್ಟ ಕಾರುಗಳು. ಹನ್ನೊಂದು ವರ್ಷದಿಂದ ಕೂಡಿಸುತ್ತಿದ್ದೇನೆ, ಐದು ವರ್ಷದಿಂದ ಮಾರುತ್ತಲೂ ಇದ್ದೇನೆ. ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು, ಬಳ್ಳಾರಿ ಎಲ್ಲ ಸೇರಿ ನಮ್ಮಂಥವರು ಇಪ್ಪತ್ತು ಇಪ್ಪತ್ತೈದು ಜನ ಪರಿಚಯ ಆಗಿದ್ದೇವೆ. ಎರಡು ತಿಂಗಳಿಗೊಮ್ಮೆ ಭಾನುವಾರ ಸೇರುತ್ತೇವೆ, ಒಗ್ಗರಣೆ ಮಿರ್ಚಿ ತಿನ್ನುತ್ತೇವೆ, ಗಾಡಿ ಬದಲಾಯಿಸಿಕೊಳ್ಳುತ್ತೇವೆ. ಹೊಸದಾಗಿ ಬಂದ ಹುಡುಗರು ಮೊದಲು ಕೇಳೋದು "ಅಣ್ಣಾ, ಎಷ್ಟು ಸಿಗುತ್ತೆ?" ಅಂತ. ಆ ರೊಕ್ಕ ಕೈಗೆ ಬಂದ ಮೇಲೆ ಏನು ಮಾಡ್ತೀ ಅಂತ ನಾನು ತಿರುಗಿ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರೋದಿಲ್ಲ. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾವ ಆಟಿಕೆ ಮಾರಿದರೆ ಲಾಭ ಬರುತ್ತೆ?

ಎಲ್ಲದಕ್ಕೂ ಬರೋದಿಲ್ಲ. ನಮ್ಮ ಕಡೆ ಜಾಸ್ತಿ ಓಡಾಡೋದು ಹಾಟ್ ವೀಲ್ಸ್. ಅಮೆರಿಕದ ಮ್ಯಾಟೆಲ್ ಕಂಪನಿ 1968ರಲ್ಲಿ 16 ಮಾದರಿಗಳೊಂದಿಗೆ ಶುರು ಮಾಡಿದ್ದು. ನಿಜವಾದ ಕಾರಿನ 64ನೇ ಒಂದು ಭಾಗದಷ್ಟು ಅಳತೆ, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಸಾಮಾನ್ಯ ಗಾಡಿಗೆ ಅಂಗಡಿಯಲ್ಲಿ ಇನ್ನೂರು ರೂಪಾಯಿ ಒಳಗೇ ಬೆಲೆ, ಅದನ್ನು ಮಾರಿ ಯಾರೂ ಮನೆ ಕಟ್ಟೋದಿಲ್ಲ. ರೊಕ್ಕ ಇರೋದು 'ಟ್ರೆಷರ್ ಹಂಟ್' ಗಾಡಿಗಳಲ್ಲಿ, ಅಂದರೆ ಕಂಪನಿ ಸಾದಾ ಗಾಡಿಗಳ ನಡುವೆ ಕಡಿಮೆ ಸಂಖ್ಯೆಯಲ್ಲಿ ಸೇರಿಸಿ ಬಿಡೋ ಗಾಡಿಗಳಲ್ಲಿ. ಇವು 1995ರಿಂದ ಬರುತ್ತಿವೆ. 2007ರಿಂದ ಅದರಲ್ಲೇ ಇನ್ನೂ ಅಪರೂಪದ 'ಸೂಪರ್' ಶುರುವಾಯಿತು.

ಗುರುತು ಹಿಡಿಯೋದು ಕಲಿಯಬೇಕು. ಈಗಿನ ಸೂಪರ್ ಗಾಡಿಯ ಹೊಳಪು ಬೇರೆ ಥರ, ಬಣ್ಣದ ಕೆಳಗಿಂದ ಲೋಹ ಮಿನುಗಿದ ಹಾಗೆ ಕಾಣುತ್ತೆ. ಚಕ್ರ ಪ್ಲಾಸ್ಟಿಕ್ ಅಲ್ಲ, ರಬ್ಬರ್. ಗಾಡಿಯ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಟಿಎಚ್ ಅಂತ ಎರಡು ಅಕ್ಷರ ಇರುತ್ತವೆ. ಗಾಡಿ ಕೂಡಿಸಿರೋ ರಟ್ಟಿನ ಕಾರ್ಡಿನಲ್ಲಿ, ಗಾಡಿಯ ಹಿಂದೆ ಮರೆಯಾಗೋ ಜಾಗದಲ್ಲಿ, ಬಂಗಾರದ ಬಣ್ಣದ ಜ್ವಾಲೆಯ ಚಿತ್ರ ಇರುತ್ತೆ. ಅದೇ ಬೆಳ್ಳಿ ಬಣ್ಣ ಇದ್ದರೆ ಸಾದಾ ಟ್ರೆಷರ್ ಹಂಟ್. ಅಂಗಡಿಯಲ್ಲಿ ಪ್ಯಾಕೆಟ್ ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದು ನೋಡಬೇಕು. ಮೊದಲ ಸಲ ಆ ಬಂಗಾರದ ಜ್ವಾಲೆ ಕಣ್ಣಿಗೆ ಬಿದ್ದಾಗ ನನ್ನ ಕೈ ನಡುಗಿತ್ತು.

ಇವಲ್ಲದೆ ಹಳೆಯ ಭಾರತದ ಮಾಲಿಗೂ ಬೆಲೆ ಇದೆ. ಲಿಯೋ ಹೆಸರಿನಲ್ಲಿ ನಮ್ಮ ದೇಶದಲ್ಲೇ ತಯಾರಾದ ಹಾಟ್ ವೀಲ್ಸ್, ಫನ್‌ಸ್ಕೂಲ್ ಕಂಪನಿ ಮಾಡಿದ ಜಿ.ಐ. ಜೋ ಸೈನಿಕ ಗೊಂಬೆಗಳು, ಇವನ್ನು ಹೊರದೇಶದವರೂ ಹುಡುಕುತ್ತಾರೆ. ಬಣ್ಣ, ಬಿಡಿಭಾಗ ಬೇರೆ ದೇಶದ್ದಕ್ಕಿಂತ ಬೇರೆ ಇರೋದೇ ಕಾರಣ. ನಿಮ್ಮ ಮನೆಯ ಅಟ್ಟದ ಮೇಲೆ ತಗಡಿನ ಪೆಟ್ಟಿಗೆ ಇದ್ದರೆ ಗುಜರಿಯವನಿಗೆ ಕೊಡೋ ಮುಂಚೆ ಒಮ್ಮೆ ತೆರೆದು ನೋಡಿ.

ಲಾಭ ಅಂದರೆ ಎಷ್ಟು? 179ಕ್ಕೆ ತಂದು 650ಕ್ಕೆ ಮಾರಿದರೆ 471 ರೂಪಾಯಿ ಅಲ್ವಾ?

ಅಲ್ಲ. ಇಲ್ಲಿಯೇ ಎಲ್ಲರೂ ತಪ್ಪೋದು.

ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೇಳುತ್ತೇನೆ. ಗಾಡಿ 179. ಕಾರ್ಡ್ ಮಡಚದ ಹಾಗೆ ಹಾಕೋ ಪ್ಲಾಸ್ಟಿಕ್ ಕವಚ 20. ರಟ್ಟಿನ ಡಬ್ಬಿ, ಗುಳ್ಳೆ ಕವರ್, ಟೇಪು 15. ಕೊರಿಯರ್ 80. ಬಳ್ಳಾರಿಗೆ ಹೋಗಿ ಹುಡುಕಿ ತಂದ ಬಸ್ ಖರ್ಚಿನಲ್ಲಿ ಈ ಗಾಡಿಯ ಪಾಲು 40. ಒಟ್ಟು 334. ಉಳಿದದ್ದು 316. ಅದೇ ಲಾಭ.

ಇನ್ನೂ ಒಂದು ಇದೆ. ಆ ದಿನ ಬಳ್ಳಾರಿಯಿಂದ ಒಂದೇ ಗಾಡಿ ತಂದಿರಲಿಲ್ಲ, ಒಂಬತ್ತು ತಂದಿದ್ದೆ. ಅದರಲ್ಲಿ ಐದು ಇವತ್ತಿಗೂ ಯಾರಿಗೂ ಬೇಡ, ಕಪಾಟಿನಲ್ಲೇ ಇವೆ. ಅವುಗಳಲ್ಲಿ ಸಿಕ್ಕಿಹಾಕಿಕೊಂಡ ರೊಕ್ಕ ಕೂಡ ನನ್ನದೇ ರೊಕ್ಕ. ಹಾಗಾಗಿ ಒಂದು ಗಾಡಿ ಮಾರಿದ ಕೂಡಲೇ ಲಾಭ ಬಂತು ಅಂತ ಖರ್ಚು ಮಾಡಬೇಡಿ. ನಾನು ಮೂರು ತಿಂಗಳಿಗೊಮ್ಮೆ ಕೂತು ಲೆಕ್ಕ ಹಾಕುತ್ತೇನೆ. ಆ ಮೂರು ತಿಂಗಳಲ್ಲಿ ಮಾರಾಟದಿಂದ ಬಂದ ಎಲ್ಲ ರೊಕ್ಕದಲ್ಲಿ ಹೋದ ಎಲ್ಲ ರೊಕ್ಕ ಕಳೆದು, ಮಿಕ್ಕಿದ್ದನ್ನು ಮಾತ್ರ ಬೇರೆ ಬ್ಯಾಂಕ್ ಖಾತೆಗೆ ಹಾಕುತ್ತೇನೆ. ಅಂಗಡಿಯ ಖಾತೆಯಲ್ಲಿ ಬೆರೆಸಿದರೆ ಆ ರೊಕ್ಕ ಯಾವ ಸ್ಕ್ರೀನು, ಯಾವ ಬ್ಯಾಟರಿಗೆ ಹೋಯಿತು ಅಂತಲೂ ತಿಳಿಯೋದಿಲ್ಲ.

ಹೆಚ್ಚಿನವರು ಏನು ತಗೊಳ್ತಾರೆ?

ಇನ್ನೊಂದು ಆಟಿಕೆ. ನಮ್ಮ ಗುಂಪಿನಲ್ಲಿ ಹತ್ತರಲ್ಲಿ ಏಳೆಂಟು ಜನರ ಮೊದಲ ಲಾಭ ಹೋಗೋದು ಅಲ್ಲಿಗೇ, ನನ್ನದೂ ಹಾಗೇ ಹೋಗಿತ್ತು.

ಇದರಲ್ಲಿ ಎರಡು ದಾರಿ ಇವೆ. ಒಂದು, ಬಂದ ಲಾಭದಲ್ಲಿ ಕೂಡಲೇ ಇನ್ನೂ ಒಂದೆರಡು ಸಾದಾ ಗಾಡಿ ತರೋದು. ಇನ್ನೊಂದು, ಹತ್ತು ಸಾದಾ ಗಾಡಿ ಮಾರಿ ಬಂದದ್ದನ್ನೆಲ್ಲ ಕೂಡಿಸಿ, ಮನಸ್ಸಿನಲ್ಲಿ ವರ್ಷಗಟ್ಟಲೆ ಕೂತಿರೋ ಒಂದೇ ಒಂದು ಗಾಡಿ ತರೋದು. ನಾನು ಎರಡನೆಯದರ ಕಡೆ. ಮಾನ್ವಿಯ ನಮ್ಮ ಗೆಳೆಯರೊಬ್ಬರು ಮೇಷ್ಟ್ರು. ಎರಡು ವರ್ಷ ಮಾರಿದ ಲಾಭವನ್ನೆಲ್ಲ ಹಾಗೇ ಇಟ್ಟು ಕೊನೆಗೆ ತಗೊಂಡದ್ದು ಒಂದು ಹಳೆಯ ಲಿಯೋ ಗಾಡಿ. ಬಣ್ಣ ಎರಡು ಕಡೆ ಹೋಗಿದೆ, ಒಂದು ಚಕ್ರ ಸ್ವಲ್ಪ ಸೊಟ್ಟ. ಚಿಕ್ಕಂದಿನಲ್ಲಿ ಅವರ ಅಪ್ಪ ಕೊಡಿಸಿದ್ದು ಅದೇ ಮಾದರಿ, ಅದೇ ಬಣ್ಣ, ಊರ ಕಾಲುವೆಯಲ್ಲಿ ಕಳೆದುಹೋಗಿತ್ತಂತೆ. ಅದನ್ನು ಇನ್ನು ಯಾರು ಎಷ್ಟು ಕೊಟ್ಟರೂ ಮಾರೋದಿಲ್ಲ ಅಂತಾರೆ. ಇಂಥದ್ದಕ್ಕೆ ಹೋದ ರೊಕ್ಕ ಹೋಯಿತು ಅನ್ನೋಕೆ ಆಗೋದಿಲ್ಲ.

ಕಪಾಟು ಮಾಡಿಸೋದು ದಂಡದ ಖರ್ಚಾ?

ನಮ್ಮ ಊರುಗಳಲ್ಲಿ ಅಲ್ಲ. ಲಾಭದ ರೊಕ್ಕದಲ್ಲಿ ಮೊದಲು ಮಾಡಿಸಬೇಕಾದ್ದೇ ಅದು ಅಂತ ನನ್ನ ಖಚಿತ ಅಭಿಪ್ರಾಯ.

ಬಳ್ಳಾರಿ ಸಂಡೂರು ಕಡೆಯ ಕೆಂಪು ದೂಳು ಗೊತ್ತಲ್ಲ, ಕಿಟಕಿ ಮುಚ್ಚಿದ್ದರೂ ಬಂದು ಕೂರುತ್ತೆ. ಬಟ್ಟೆಯಿಂದ ಒರೆಸಿದರೆ ಸಣ್ಣ ಸಣ್ಣ ಗೀರು ಬೀಳುತ್ತವೆ, ಹೊಳಪು ಹೋಗುತ್ತೆ. ಮೆತ್ತನೆ ಬ್ರಷ್ ಮಾತ್ರ ಬಳಸಿ. ರಾಯಚೂರಿನ ಏಪ್ರಿಲ್ ಮೇ ಬಿಸಿಲು ಇನ್ನೊಂದು ಕಷ್ಟ. ಕಾರ್ಡ್ ಬಿಲ್ಲಿನ ಹಾಗೆ ಬಾಗುತ್ತೆ, ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಹಳದಿ ಆಗುತ್ತೆ. ಬಿಸಿಲು ನೇರ ಬಿದ್ದರೆ ಮಕ್ಕಳು ಜೋಡಿಸಿ ಆಡೋ ಲೆಗೋ ಇಟ್ಟಿಗೆಯ ಬಿಳಿ ಬಣ್ಣವೂ ಹಳದಿಗೆ ತಿರುಗುತ್ತೆ. ಮೆತ್ತನೆ ಪಿವಿಸಿ ಗೊಂಬೆಗಳು ಶೆಕೆಗೆ ಅಂಟಂಟಾಗುತ್ತವೆ.

ನಾನು ಮಾಡಿಸಿದ್ದು ಹೀಗೆ: ಊರಿನ ಬಡಗಿಯ ಕೈಯಲ್ಲಿ ಪ್ಲೈವುಡ್ ಚೌಕಟ್ಟು, ಆರು ಅಂಕಣ, ಮುಂದೆ ಪಕ್ಕಕ್ಕೆ ಸರಿಯೋ ಗಾಜು, ಗಾಜಿನ ಅಂಚಿಗೆ ದೂಳು ತಡೆಯೋ ಬ್ರಷ್ ಪಟ್ಟಿ. ಕಿಟಕಿಯ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆಗೆ ಇಟ್ಟಿದ್ದೇನೆ. ಒಳಗೆ ತೇವ ಹೀರೋ ಸಿಲಿಕಾ ಪೊಟ್ಟಣ. ಬಟ್ಟೆಗೆ ಇಡೋ ನುಸಿಗುಳಿಗೆ ಮಾತ್ರ ಹಾಕಬೇಡಿ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತವೆ.

ಒಂದು ರೋಗಕ್ಕೆ ಮಾತ್ರ ಯಾವ ಕಪಾಟೂ ಮದ್ದಲ್ಲ. ಹಳೆಯ ಲೋಹದ ಗಾಡಿಗಳಲ್ಲಿ ಸತುವಿನ ಜೊತೆ ಸೀಸ ಬೆರೆತಿದ್ದರೆ ಲೋಹ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತೆ. ಹಳೆಯ ಗಾಡಿ ತಗೊಳ್ಳೋವಾಗ ತಳ ತಿರುಗಿಸಿ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ.

ಮನೆಯವರಿಗೆ ಏನಾದರೂ ತಗೊಳ್ಳಬೇಕಾ?

ತಗೊಳ್ಳಿ. ಯಾರೋ ಹೇಳಿದರು ಅಂತಲ್ಲ. ಆ ಗಾಡಿಗಳಿಗೆ ಜಾಗ ಬಿಟ್ಟುಕೊಟ್ಟವರು, ನೀವು ರಾತ್ರಿ ಹನ್ನೊಂದರವರೆಗೆ ಡಬ್ಬಿ ಕಟ್ಟುವಾಗ ಟೇಪು ಹಿಡಿದು ನಿಂತವರು ಅವರೇ.

ನಮ್ಮವ್ವನಿಗೆ ಈ ಹವ್ಯಾಸ ಮೊದಲು ಸೇರುತ್ತಿರಲಿಲ್ಲ. "ದುಡಿಯೋ ಗಂಡಸು ಹುಡುಗರ ಸಾಮಾನು ಕೂಡಿಸ್ತಾನೆ" ಅಂತ ಬಂದವರ ಮುಂದೆಲ್ಲ ಹೇಳೋಳು. ಮಾರೋಕೆ ಶುರು ಮಾಡಿದ ಮೂರನೇ ವರ್ಷ ದೀಪಾವಳಿಗೆ ಲಾಭದ ಖಾತೆಯಿಂದ ರೊಕ್ಕ ತೆಗೆದು ಇಳಕಲ್ಲಿಗೆ ಹೋಗಿ ಸೀರೆ ತಂದೆ. ಕೊಪ್ಪಳದಿಂದ ಕುಷ್ಟಗಿ ದಾಟಿದರೆ ಇಳಕಲ್ಲು ದೂರ ಏನಲ್ಲ. ತೋಪು ತೆನೆಯ ಸೆರಗು, ಚಿಕ್ಕಿ ಪರಾಸ ದಡಿ. ಅವ್ವ ಸೆರಗನ್ನು ಮಂಡಿಯ ಮೇಲೆ ಹಾಸಿಕೊಂಡು ಕೆಂಪು ಬಿಳಿ ತೆನೆಯ ಮೇಲೆ ಬೆರಳಾಡಿಸಿದಳು. ಎಷ್ಟಾಯಿತು ಅಂತ ಕೇಳಿದಳು. ಹೇಳಿದೆ. "ಅಂಗಡಿ ರೊಕ್ಕನಾ?" "ಇಲ್ಲಬೇ, ಕಾರಿನ ರೊಕ್ಕ." ಸ್ವಲ್ಪ ಹೊತ್ತು ಸುಮ್ನಿದ್ದು, "ಯಾವ ಕಾರು, ತೋರಿಸು" ಅಂದಳು. ಆ ಕಾರು ಮಾರಿ ಆಗಿತ್ತು, ಫೋನಿನಲ್ಲಿ ಫೋಟೊ ತೋರಿಸಿದೆ. ಅದಾದ ಮೇಲೆ ಕಪಾಟಿನ ಗಾಜು ಒರೆಸೋಳು ಅವಳೇ.

ಗಂಗಾವತಿಯ ನಮ್ಮ ಗೆಳೆಯನ ಮನೆಯಲ್ಲಿ ಇದೇ ಲಾಭದಿಂದ ಹೊಲಿಗೆ ಮಷೀನು ಬಂದಿದೆ, ಅವನ ಹೆಂಡತಿ ಈಗ ರವಿಕೆ ಹೊಲಿದು ಅವನಿಗಿಂತ ಜಾಸ್ತಿ ಗಳಿಸುತ್ತಾಳೆ. ಸಿಂಧನೂರಿನ ಇನ್ನೊಬ್ಬರು ಮಿಕ್ಸರ್ ತಂದರು. ದೊಡ್ಡದೇ ಆಗಬೇಕು ಅಂತೇನಿಲ್ಲ. ಆದರೆ ತಂದಾಗ ಇದು ಎಲ್ಲಿಯ ರೊಕ್ಕ ಅಂತ ಬಾಯಿಬಿಟ್ಟು ಹೇಳಿ.

ಬಂಗಾರ ತಗೊಂಡರೆ ಹೇಗೆ?

ಸಣ್ಣ ಮೊತ್ತಕ್ಕೆ ಒಡವೆ ಬೇಡ. ಅರ್ಧ ಗ್ರಾಂ ಒಡವೆಯಲ್ಲಿ ಮಜೂರಿಯೇ ಜಾಸ್ತಿ ತಿನ್ನುತ್ತೆ, ಅದರ ಮೇಲೆ ಜಿಎಸ್‌ಟಿ ಬೇರೆ. ಕೂಡಿಸಿ ಇಟ್ಟು ಒಮ್ಮೆಗೆ ತಗೊಳ್ಳಿ, ತಗೊಂಡಾಗ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತಿನ ಸಂಖ್ಯೆ, ಇದೆಯಾ ನೋಡಿ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಅಲ್ಲಿಯವರೆಗೆ ಅಂಚೆ ಕಚೇರಿಯ ಆರ್‌ಡಿ ಸಾಕು, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ್ದು.

ಆಟಿಕೆಯ ರೊಕ್ಕದಲ್ಲಿ ಮತ್ತೆ ಆಟಿಕೆ ಬೇಡ, ಆದರೂ ಆ ಪ್ರೀತಿಗೆ ಹತ್ತಿರದ್ದು ಏನಾದರೂ ಇದೆಯಾ?

ಇದೆ, ಅದೂ ನಮ್ಮ ಕಾಲ ಬುಡದಲ್ಲೇ. ಕಿನ್ನಾಳ ಗೊಂಬೆ.

ನಾವು ಕೊಪ್ಪಳದವರು ಮಲೇಷ್ಯಾದಲ್ಲೋ ಥಾಯ್ಲೆಂಡಿನಲ್ಲೋ ಅಚ್ಚಾದ ಕಾರಿಗೆ ಸಾವಿರಗಟ್ಟಲೆ ಕೊಡುತ್ತೇವೆ. ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಸಿಗೋ ಕಿನ್ನಾಳ ಊರಿನಲ್ಲಿ, ವಿಜಯನಗರದ ಕಾಲದಿಂದ ಕೈಯಲ್ಲೇ ಗೊಂಬೆ ಮಾಡಿಕೊಂಡು ಬಂದ ಚಿತ್ರಗಾರ ಮನೆತನಗಳಿವೆ. ನಾನು ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ಮೂವತ್ತು ದಾಟೋವರೆಗೆ ಒಂದೂ ಕಿನ್ನಾಳ ಗೊಂಬೆ ನಮ್ಮ ಮನೆಯಲ್ಲಿರಲಿಲ್ಲ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಬೇಜಾರಾಗುತ್ತೆ.

ಮೊದಲ ಸಲ ಹೋದಾಗ ಒಬ್ಬ ಹಿರಿಯರು ಜಗಲಿಯ ಮೇಲೆ ಕೂತು ಗರುಡನ ರೆಕ್ಕೆ ಜೋಡಿಸುತ್ತಿದ್ದರು. ಹಗುರ ಮರ, ಅದಕ್ಕೆ ಪೊಳ್ಕಿ ಮರ ಅಂತಾರೆ. ಕೈಗೆ ಕೊಟ್ಟರು, ಬೆಂಡಿನ ಹಾಗೆ ತೂಕವೇ ಇಲ್ಲ. ಒಂದೇ ಮರದಲ್ಲಿ ಇಡೀ ಗೊಂಬೆ ಕೆತ್ತೋದಿಲ್ಲ. ಕೈ, ಕಾಲು, ರೆಕ್ಕೆ, ಕಿರೀಟ ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬನ್ನು ಸಣ್ಣಗೆ ಕತ್ತರಿಸಿ ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದರೆ ಕಿಟ್ಟ ಆಗುತ್ತೆ. ಸಂದುಗಳನ್ನು ತುಂಬೋದು ಅದರಿಂದ. ಆಮೇಲೆ ಹುಣಸೆ ಅಂಟಿನಿಂದ ಹತ್ತಿ ಹಚ್ಚಿ, ಅದರ ಮೇಲೆ ಬಿಳಿ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಗರುಡನ ಕೊರಳಿನ ಆಭರಣ ಮುಟ್ಟಿ ನೋಡಿದೆ. ಬಣ್ಣದಲ್ಲಿ ಬರೆದದ್ದಲ್ಲ, ಅದೇ ಕಲ್ಲಿನ ಪುಡಿ ಮತ್ತು ಅಂಟಿನಿಂದ ಉಬ್ಬಿಸಿದ್ದು, ಒಂದೊಂದು ಮಣಿಯೂ ಬೆರಳಿಗೆ ತಾಗುತ್ತೆ.

ಚನ್ನಪಟ್ಟಣದ್ದು ಬೇರೆ ಕಲೆ, ಅಲ್ಲಿ ಮರವನ್ನು ತಿರುಗಿಸಿ ಅರಗಿನ ಬಣ್ಣ ಹಚ್ಚುತ್ತಾರೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ಆ ವರ್ಷದ ಲಾಭದಲ್ಲಿ ಒಂದು ಕಾಮಧೇನು ತಗೊಂಡೆ. ಚೌಕಾಸಿ ಮಾಡಲಿಲ್ಲ. ಕಾರ್ಡಿನ ಮೂಲೆ ಒಂದು ಚೂರು ಮಡಚಿದ್ದಕ್ಕೆ ನೂರು ರೂಪಾಯಿ ಇಳಿಸಿ ಅಂತ ವಾದ ಮಾಡೋ ನಾನು ಅಲ್ಲಿ ಬಾಯಿ ತೆರೆಯೋಕೆ ಆಗಲಿಲ್ಲ, ಎದುರಿಗೇ ಅಷ್ಟು ಕೆಲಸ ನೋಡಿದ್ದೆ. ನೀವೂ ಹೋಗಿ ನೇರ ಮಾಡುವವರ ಮನೆಯಲ್ಲೇ ತಗೊಳ್ಳಿ. ದೊಡ್ಡದು ಬೇಕಿದ್ದರೆ ಮೊದಲೇ ಹೇಳಿಬನ್ನಿ, ಒಣಗೋಕೆ ಟೈಮ್ ಬೇಕು. ಮತ್ತೆ ದಯವಿಟ್ಟು ಅದನ್ನು ಎರಡರಷ್ಟು ಬೆಲೆಗೆ ಮಾರೋಕೆ ಅಂತ ತಗೊಳ್ಳಬೇಡಿ.

ಫೋನ್, ಕ್ಯಾಮೆರಾ?

ಇರೋ ಫೋನೇ ಸಾಕು. ಬೆಳಗ್ಗೆ ಎಂಟರ ಬೆಳಕಿನಲ್ಲಿ ಕಿಟಕಿ ಪಕ್ಕ ಬಿಳಿ ಡ್ರಾಯಿಂಗ್ ಹಾಳೆ ಹಾಸಿ ತೆಗೆದ ಫೋಟೊಕ್ಕಿಂತ ಚೆನ್ನಾಗಿ ಯಾವ ಫೋನೂ ತೆಗೆಯೋದಿಲ್ಲ. ಫೋನ್ ರಿಪೇರಿ ಮಾಡುವವನೇ ಹೇಳ್ತಿದ್ದೇನೆ, ನಂಬಿ.

ಪ್ರವಾಸ ಮಾಡಬಹುದಾ?

ಖಂಡಿತ. ನಮ್ಮಲ್ಲಿ ಮೂವರು ಒಂದು ವರ್ಷದ ಲಾಭ ಕೂಡಿಸಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್, ಆಟಿಕೆ ಪ್ರಿಯರ ಮೇಳಕ್ಕೆ ಹೋಗಿಬಂದೆವು. ಕೊಪ್ಪಳದಲ್ಲಿ ನಾನು ಹತ್ತಿದೆ, ಬಳ್ಳಾರಿಯಲ್ಲಿ ಇಬ್ಬರು ಹತ್ತಿದರು. ನಿದ್ದೆ ಮಾಡದೆ ಗುಂತಕಲ್‌ವರೆಗೂ ಅದೇ ಮಾತು. ಅಲ್ಲಿ ತಂದದ್ದು ಕಡಿಮೆ, ನೋಡಿದ್ದು ಜಾಸ್ತಿ. ನಮ್ಮಂಥವರು ಇಷ್ಟೊಂದು ಜನ ಇದ್ದಾರೆ ಅಂತ ಕಣ್ಣಾರೆ ನೋಡೋಕಾದರೂ ಒಮ್ಮೆ ಹೋಗಬೇಕು.

ತಿಂಗಳಿಗೆ ಐದಾರು ಸಾವಿರ ಬರ್ತಿದೆ. ಕಂತಿನಲ್ಲಿ ಬೈಕ್ ತಗೊಳ್ಳಲಾ?

ಬೇಡ. ಕೈಮುಗಿದು ಹೇಳ್ತೇನೆ, ಬೇಡ.

ಕಂತು ಪ್ರತಿ ತಿಂಗಳೂ ಬರುತ್ತೆ, ಆಟಿಕೆಯ ಲಾಭ ಹಾಗೆ ಬರೋದಿಲ್ಲ. ಲಬುಬು ಗೊಂಬೆ ನೋಡಿದಿರಲ್ಲ, ಪಾಪ್ ಮಾರ್ಟ್ ಕಂಪನಿಯದು. 2025ರಲ್ಲಿ ಅದಕ್ಕೆ ಜನ ಸಾಲು ನಿಂತರು. ಜೂನ್‌ನಲ್ಲಿ ಕಂಪನಿ ಒಮ್ಮೆಗೇ ಹೆಚ್ಚು ಮಾಲು ಬಿಟ್ಟಿತು, ಚೀನಾದಲ್ಲಿ ಮರುಮಾರಾಟದ ಬೆಲೆ ಕುಸಿದುಬಿತ್ತು. ತೊಂಬತ್ತರ ದಶಕದ ಅಮೆರಿಕದಲ್ಲಿ ಬೀನಿ ಬೇಬಿ ಅನ್ನೋ ಬಟ್ಟೆಯ ಗೊಂಬೆಗಳದ್ದೂ ಇದೇ ಕಥೆ. ಮಕ್ಕಳ ಕಾಲೇಜಿಗೆ ಆಗುತ್ತೆ ಅಂತ ಪೆಟ್ಟಿಗೆಗಟ್ಟಲೆ ಇಟ್ಟುಕೊಂಡವರಿಗೆ ಕೊನೆಗೆ ಕೊಂಡ ಬೆಲೆಯೂ ಸಿಗಲಿಲ್ಲ. ಬೆಲೆ ಏರಿಸೋದು ಅಪರೂಪ ಅನ್ನೋ ಒಂದೇ ಸಂಗತಿ. ಆ ಅಪರೂಪದ ಬೀಗದ ಕೈ ಇರೋದು ಕಂಪನಿಯ ಹತ್ತಿರ, ನಮ್ಮ ಹತ್ತಿರ ಅಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ನಮ್ಮ ಹುಡುಗನೊಬ್ಬ ನಾಲ್ಕು ತಿಂಗಳು ಚೆನ್ನಾಗಿ ಮಾರಾಟ ಆಯಿತು ಅಂತ ಬೈಕ್ ಎತ್ತಿದ. ಐದನೇ ತಿಂಗಳು ಒಂದೂ ಮಾರಾಟ ಇಲ್ಲ. ಕಂತು ಕಟ್ಟೋಕೆ ಅಂತ ತನ್ನ ಅತ್ಯಂತ ಪ್ರೀತಿಯ ಮೂರು ಗಾಡಿಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಕೊಟ್ಟ. ಅವತ್ತು ಅವನ ಮುಖ ನೋಡೋಕೆ ಆಗುತ್ತಿರಲಿಲ್ಲ. ಅದರಲ್ಲಿ ಒಂದನ್ನು ನಾನೇ ತಗೊಂಡು ಎತ್ತಿಟ್ಟಿದ್ದೇನೆ, ಅವನು ಯಾವಾಗ ಕೇಳಿದರೂ ಅದೇ ಬೆಲೆಗೆ ಅವನಿಗೇ.

ತೆರಿಗೆ ಕಟ್ಟಬೇಕಾ?

ಮನೆಯಲ್ಲಿದ್ದ ಹಳೆಯ ಆಟಿಕೆ ಒಂದೆರಡು ಮಾರೋದು ಬೇರೆ. ತಿಂಗಳು ತಿಂಗಳು ತಂದು ಮಾರಿದರೆ ಅದು ವ್ಯಾಪಾರದ ಆದಾಯ, ನಿಮ್ಮ ಬೇರೆ ಆದಾಯದ ಜೊತೆ ಲೆಕ್ಕಕ್ಕೆ ಸೇರುತ್ತೆ. ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಮ್ಮಂಥವರು ಅದರ ಹತ್ತಿರಕ್ಕೂ ಹೋಗೋದಿಲ್ಲ. ಆದರೆ ವ್ಯಾಪಾರ ಅಂತ ಬೇರೆ ರಾಜ್ಯಕ್ಕೆ ಮಾಲು ಕಳಿಸೋಕೆ ಶುರು ಮಾಡಿದರೆ ಈ 40 ಲಕ್ಷದ ವಿನಾಯಿತಿ ಸಿಗೋದಿಲ್ಲ, ಇದು ತುಂಬ ಜನರಿಗೆ ಗೊತ್ತಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ. ನೋಟ್‌ಬುಕ್ ಇಡಿ, ಬಿಲ್ ಇಡಿ, ಊರಿನ ತೆರಿಗೆ ಲೆಕ್ಕದವರನ್ನು ಒಮ್ಮೆ ಕೇಳಿ.

ಲಾಭ ಒಂದೇ ಏಟಿಗೆ ಹೋದದ್ದು ಇದೆಯಾ?

ಇದೆ. ದೂರದ ಊರಿನ ಒಬ್ಬ ಮಾರಾಟಗಾರ ಒಂದು ಸೂಪರ್ ಗಾಡಿಯ ಫೋಟೊ ಕಳಿಸಿದ. ನಾಲ್ಕು ಸಾವಿರ ಮುಂಗಡ ಹಾಕಿದೆ, ಮರುದಿನದಿಂದ ಫೋನ್ ಬಂದ್. ಅದು ನನ್ನ ಒಂಬತ್ತು ತಿಂಗಳ ಉಳಿತಾಯ. ತಡ ಮಾಡಿ ದೂರು ಕೊಟ್ಟೆ, ರೊಕ್ಕ ಬರಲಿಲ್ಲ. ಮೋಸ ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ರೊಕ್ಕ ತಡೆಹಿಡಿಯೋ ಸಾಧ್ಯತೆ ಜಾಸ್ತಿ. ಈಗ ನಾನು ಯಾರಿಗೇ ಆಗಲಿ, ವಿಡಿಯೊ ಕಾಲ್‌ನಲ್ಲಿ ಗಾಡಿಯ ಪಕ್ಕ ನನ್ನ ಹೆಸರು ಬರೆದ ಚೀಟಿ ಇಟ್ಟು ತೋರಿಸಿದ ಮೇಲೆಯೇ ರೊಕ್ಕ ಹಾಕೋದು.

ಅಂಗಡಿಯ ಗಾಡಿಗಳನ್ನೆಲ್ಲ ಬಾಚಿಕೊಂಡು ಮಾರೋದು ತಪ್ಪಾ?

ಕಾನೂನಿನಲ್ಲಿ ತಪ್ಪಿಲ್ಲ. ನನ್ನ ಮನಸ್ಸಿಗೆ ತಪ್ಪು.

ಒಮ್ಮೆ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಹೊಸ ಪೆಟ್ಟಿಗೆ ಒಡೆದಿದ್ದರು. ನಾನು ಬುಟ್ಟಿಗೆ ಹದಿನಾಲ್ಕು ಗಾಡಿ ಹಾಕಿಕೊಂಡಿದ್ದೆ. ಪಕ್ಕದಲ್ಲಿ ಆರೇಳು ವರ್ಷದ ಹುಡುಗ, ಶಾಲೆಯ ಸಮವಸ್ತ್ರದಲ್ಲೇ ಇದ್ದ, ಖಾಲಿ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಅವನ ಅಪ್ಪ "ಖಾಲಿ ಆಗಿದೆ ಪುಟ್ಟ, ಮುಂದಿನ ಸಲ" ಅಂದರು. ಹುಡುಗ ನನ್ನ ಬುಟ್ಟಿ ನೋಡಿದ. ಅವನು ಅಳಲೂ ಇಲ್ಲ, ಕೇಳಲೂ ಇಲ್ಲ. ನಾನು ಬುಟ್ಟಿ ಕೆಳಗಿಟ್ಟು, ಯಾವುದು ಬೇಕು ಆರಿಸಿಕೋ ಅಂದೆ. ಅವನು ತಗೊಂಡದ್ದು ಒಂದು ಹಸಿರು ಟ್ರಕ್, ಮಾರುಕಟ್ಟೆಯಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲ. ಅವತ್ತಿನಿಂದ ನಾನು ಮೂರಕ್ಕಿಂತ ಜಾಸ್ತಿ ಎತ್ತೋದಿಲ್ಲ. ನಮ್ಮ ಗುಂಪಿನಲ್ಲೂ ಹೆಚ್ಚಿನವರು ಈಗ ಹಾಗೇ ಮಾಡುತ್ತಾರೆ.

ಲಾಭದ ಒಂದು ಪಾಲು ಮಕ್ಕಳಿಗೇ ವಾಪಸ್ ಹೋಗಬೇಕು ಅಂತಲೂ ಅಂದುಕೊಂಡೆವು. ಹೋದ ವರ್ಷ ಎಲ್ಲರೂ ಸೇರಿ ಒಂದು ಅಂಗನವಾಡಿಗೆ ದೊಡ್ಡ ಇಟ್ಟಿಗೆ ಜೋಡಿಸೋ ಸೆಟ್ಟು, ಚೆಂಡು, ಚಿತ್ರದ ಒಗಟು ಕೊಟ್ಟೆವು. ನೀವೂ ಕೊಡೋದಾದರೆ ಐಎಸ್‌ಐ ಗುರುತು ನೋಡಿ ತಗೊಳ್ಳಿ, 2021ರ ಜನವರಿ 1ರಿಂದ ಆಟಿಕೆಗೆ ಅದು ಕಡ್ಡಾಯ. ಚಿಕ್ಕ ಮಕ್ಕಳ ಬಾಯಿಗೆ ಹೋಗುವಂಥ ಸಣ್ಣ ಚಕ್ರದ ಗಾಡಿ ಬೇಡ.

ನಿಮ್ಮ ಮುಂದಿನ ಖರೀದಿ ಏನು?

ಮಗಳಿಗೆ ಸೈಕಲ್. ಐದನೇ ಕ್ಲಾಸಿಗೆ ಬಂದಿದ್ದಾಳೆ, ಶಾಲೆ ಒಂದೂವರೆ ಕಿಲೋಮೀಟರ್. ಅಂಗಡಿಯಲ್ಲಿ ಬೆಲೆ ಕೇಳಿಬಂದಿದ್ದೇವೆ, 6,200. ಖಾತೆಯಲ್ಲಿ 4,750 ಇದೆ. ಗವಿಮಠದ ಜಾತ್ರೆಯೊಳಗೆ ಆಗಬೇಕು ಅಂತ ಅವಳ ಆಸೆ, ತೇರಿನ ದಿನ ಗೆಳತಿಯರ ಮುಂದೆ ಅದರಲ್ಲೇ ಹೋಗಬೇಕಂತೆ. ಉಳಿದ ರೊಕ್ಕಕ್ಕೆ ಯಾವ ಗಾಡಿ ಮಾರಬೇಕು ಅಂತ ಮೊನ್ನೆ ಇಬ್ಬರೂ ಕಪಾಟಿನ ಮುಂದೆ ಕೂತಿದ್ದೆವು. ಒಳ್ಳೆ ಬೆಲೆ ಬರೋದು ಹಳದಿ ಗಾಡಿಗೆ, ಕೇಳಿದವರೂ ಇದ್ದಾರೆ. ಅವಳು ಗಾಜು ಸರಿಸಿ ಅದನ್ನು ಕೈಗೆ ತಗೊಂಡು ಅಂಗೈ ಮೇಲೆ ಓಡಿಸಿ, "ಅಪ್ಪಾ, ಇದು ಬೇಡ" ಅಂದಳು. ಮತ್ತೆ ಜಾಗದಲ್ಲಿ ಇಟ್ಟು, ಕೆಳಗಿನ ಅಂಕಣದಿಂದ ಎರಡು ನೀಲಿ ಗಾಡಿ ತೆಗೆದು ನನ್ನ ಮುಂದೆ ಇಟ್ಟಳು. ನಾಳೆ ಬೆಳಗ್ಗೆ ಎಂಟಕ್ಕೆ ಅವುಗಳ ಫೋಟೊ ತೆಗೆಯಬೇಕು.